ನಂದಲ್ಲದ ಗುಡ್ಡ

ಚಿಕ್ಕಕೊರಟಿಯ ಬೆನ್ನಿಗೆ ಒಂದು ಬೋಳುಗುಡ್ಡವಿದೆ. ಹೆಸರು ನಂದಲ್ಲದ ಗುಡ್ಡ. ಅಲ್ಲಿ ಗಾಳಿ ಒಂದು ಗಳಿಗೆ ಕೂರುವುದಿಲ್ಲ; ಹತ್ತಿದವರ ಪಂಚೆ, ಸೆರಗು, ಮಾತು ಯಾವುದೂ ಇದ್ದಲ್ಲಿ ಇರುವುದಿಲ್ಲ. ನೆತ್ತಿಯ ಮೇಲೆ ಮುರುಕು ಗುಡಿ, ವೀರಗಲ್ಲು, ಮಾಸ್ತಿಕಲ್ಲು, ಹೆಂಚು ಹೊದಿಸಿದ ಸೋಮನ ಮನೆ. ಯಾರದೂ ಅಲ್ಲದ ಜಾಗವಾದ್ದರಿಂದ ಈ ಹೆಸರೆಂದು ಸರ್ವೆಯವರು ಬರೆದುಕೊಂಡು ಹೋದರು. ಬರೆದುಕೊಳ್ಳಲಿ. ಈ ಗುಡ್ಡದ ವಿಚಾರ ನನ್ನಷ್ಟು ಬಲ್ಲವರು ಏಳು ಹೋಬಳಿಯಲ್ಲಿಲ್ಲ. ಎಂಟನೆಯದರಲ್ಲಿ ಒಬ್ಬನಿದ್ದ, ಅವನಿಗೂ ನಾನೇ ಹೇಳಿಕೊಟ್ಟದ್ದು.

ಹಿಂದೆ ಒಮ್ಮೆ, ಈ ಗುಡ್ಡ ಈಗಿನದಕ್ಕಿಂತ ಎರಡಾಳು ಎತ್ತರವಿದ್ದ ಕಾಲದಲ್ಲಿ, ಚಿಕ್ಕಕೊರಟಿಗೆ ತನ್ನದೆನ್ನುವ ಸೋಮ ಇರಲಿಲ್ಲ. ಸೋಮನೆಂದರೆ ಊರದೇವತೆಯ ಮುಂದೆ ಕುಣಿಯುವ ಕಾವಲುಗಾರ, ಬೂರುಗದ ಮರದ ದೊಡ್ಡ ಮುಖವಾಡ. ಹಬ್ಬಕ್ಕೆ ಪಕ್ಕದೂರು ದೊಡ್ಡಕೊರಟಿಗೆ ಹೋಗಿ, ಅವರ ಸೋಮ ಕುಣಿದು ದಣಿಯುವವರೆಗೆ ಬಿಸಿಲಲ್ಲಿ ನಿಂತು, ಉಳಿದ ಪ್ರಸಾದ ಹಿಡಿದು ಬರಬೇಕಿತ್ತು. ಕೊನೆಗೆ ಊರವರು ನಮಗೂ ಒಂದು ಮುಖ ಬೇಕೆಂದರು. ದೊಡ್ಡಕೊರಟಿಯ ಯಜಮಾನ ಅಂಕೇಗೌಡ, "ಮಾಡ್ಕೊಳ್ರಪ್ಪ. ಆದ್ರೆ ನಮ್ಮೂರಿಂದು ಅಂತ ಒಂದು ಗೆರೆ ಕಂಡ್ರೂ ಹೊತ್ಕೊಂಡೋಗ್ತೀನಿ. ಆಮೇಲೆ ಇನ್ನೊಂದು ಮಾಡೋ ಹಾಗಿಲ್ಲ" ಎಂದ.

ಕೆಲಸ ಬಿದ್ದದ್ದು ನಮ್ಮ ಮುತ್ತಜ್ಜನ ಮುತ್ತಜ್ಜ ಮುದ್ದಾಚಾರಿಯ ತಲೆಗೆ. ಅವನು ಉಳಿ ಹಿಡಿದರೆ ಕಾಡಿನ ಮರಗಳು ತಾವಾಗಿ ತೊಗಟೆ ಕಳಚಿ ನಿಲ್ಲುತ್ತಿದ್ದವು ಎನ್ನುತ್ತಾರೆ, ಎನ್ನುವವನು ನಾನೇ. ಅಂಥವನಿಗೂ ಈ ಕೆಲಸ ಕೈಗೆ ಹತ್ತಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದು ದೊಡ್ಡಕೊರಟಿಯ ಸೋಮನೊಂದೇ. ಕಣ್ಣು ಮುಚ್ಚಿದರೂ ಅದೇ ಮುಖ. ಕೆತ್ತುವುದು, ಒಡೆಯುವುದು, ಎದ್ದು ಓಡಾಡುವುದು. ಹೆಂಡತಿ ಈರಮ್ಮ, "ಮನೇಲಿ ಸುತ್ತಿ ಸುತ್ತಿ ನೆಲ ಸವೀತು. ಗುಡ್ಡಕ್ಕಾದ್ರೂ ಹೋಗಿ ಸುತ್ತು" ಎಂದು ಅಟ್ಟಿದಳು. ಅಲ್ಲಿ ಅವನು ಹಳೆಯ ಕಲ್ಲುಗಳ ಮೇಲೆ ಬೆರಳಾಡಿಸಿದ. ವೀರಗಲ್ಲಿನ ವೀರನಿಂದ ಮೀಸೆ ತಂದ. ಮುರುಕು ಗುಡಿಯ ಬಾಗಿಲ ಮೇಲಿನ ಸಿಂಹಮುಖದಿಂದ ಗುಡ್ಡೆಗಣ್ಣು. ಮಾಸ್ತಿಕಲ್ಲಿನ ಕೈಯ ಬಳೆಸಾಲು ಕಿರೀಟದ ಅಂಚಾಯಿತು. ಬಾಯಿ ಮಾತ್ರ ಯಾವ ಕಲ್ಲಿನಲ್ಲೂ ಸಿಗಲಿಲ್ಲ. ಅಂಕೇಗೌಡನೋ ದಿನ ಬಿಟ್ಟು ದಿನ ಬಂದು ಬಾಗಿಲಿಗೊರಗಿ, "ಇನ್ನೂ ಆಗ್ಲಿಲ್ವೇನೋ ಆಚಾರಿ?" ಎಂದು ಅಣಕಿಸುತ್ತಿದ್ದ. ಒಂದು ಮಧ್ಯಾಹ್ನ ಉಳಿ ತಾನಾಗಿ ಓಡಿ ಬಾಯಿಯೂ ಮೂಡಿತು.

ಪರೀಕ್ಷೆಗೆ ಎರಡೂ ಊರು ಗುಡ್ಡ ಹತ್ತಿದವು. ಗೌಡ ಮೊದಲು ಮುಖವಾಡದ ಮೀಸೆ ಹಿಡಿದು, "ಇದು ನಮ್ಮದು" ಎಂದ. ಮುದ್ದಾಚಾರಿ ವೀರಗಲ್ಲು ತೋರಿಸಿದ. ಕಣ್ಣಿಗೂ ಕಿರೀಟಕ್ಕೂ ಕಲ್ಲೇ ಸಾಕ್ಷಿ ನಿಂತಿತು. "ಸರಿ, ಈ ಬಾಯಿ? ಕೆಳದುಟಿ ಎಡಕ್ಕೆ ಜೋತು, ಕೊಳೆತ ಬದ್ನೆಕಾಯಿ ಕಚ್ಚಿದ ಹಾಗದೆ. ಇದ್ಯಾವ ಕಲ್ಲೋ?" ಸೋಮನ ಮುಂದೆ ಸುಳ್ಳಾಡುವಂತಿಲ್ಲ. ಮುದ್ದಾಚಾರಿ ಕೈಮುಗಿದ. "ಕಲ್ಲಲ್ಲ ಗೌಡ್ರೆ. ಬಾಗಿಲಿಗೊರಗಿ ನಗ್ತಿದ್ರಲ್ಲ, ಅದು ತಮ್ಮದೇ. ಹೌದು ಅಂದ್ಬುಟ್ಟು ಎತ್ಕೊಂಡೋಗಿ."

ಜನ ಮುಖವಾಡ ನೋಡಿದರು, ಗೌಡನನ್ನು ನೋಡಿದರು. ಸಿಟ್ಟಿಗೆ ಗೌಡನ ಕೆಳದುಟಿ ಎಡಕ್ಕೆ ಜೋತಿತು. ಮೊದಲು ನಕ್ಕವರು ಅವನ ಊರಿನವರೇ. ಹೌದೆಂಬ ಒಂದು ಮಾತಿಗೆ ಸೋಮ ಅವನ ಪಾಲಾಗುತ್ತಿದ್ದ. ಆದರೆ ಗೌಡ, "ನಂದಲ್ಲ! ಈ ಬಾಯಿ ನಂದಲ್ಲ!" ಎಂದು ಕೂಗುತ್ತ ಗುಡ್ಡ ಇಳಿದೇಬಿಟ್ಟ. ಬಂಡೆಗಳು ಆ ಕೂಗನ್ನು ಸಂಜೆಯವರೆಗೆ ಹಿಂದಿರುಗಿಸಿದವು ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಮುಂದಿನ ಮಳೆಗಾಲದವರೆಗೆ.

ಆ ಸೋಮ ಇಂದಿಗೂ ಅಲ್ಲೇ ಇದ್ದಾನೆ, ಹೋದವರು ನೋಡಬಹುದು. ಅಂಕೇಗೌಡನ ವಂಶದವರೂ ಹರಕೆ ಹೊತ್ತು ಬರುತ್ತಾರೆ, ಬಲು ಒಳ್ಳೆಯ ಜನ. ಮಂಗಳಾರತಿಯ ಹೊತ್ತಿಗೆ ಮಾತ್ರ ಗಂಡಸರೆಲ್ಲ ಟವೆಲನ್ನು ಮೂಗಿನವರೆಗೆ ಸುತ್ತಿಕೊಂಡೇ ಕೈಮುಗಿಯುತ್ತಾರೆ. ಯಾಕೆಂದು ಕೇಳಿದರೆ, ಹಲ್ಲುನೋವು ಎನ್ನುತ್ತಾರೆ.