ಫೋನಿನ ಹಿಂದೆ ಕೂತವನು

ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಗುರುಗಳು ಶಿಷ್ಯನ ಫೋನು ಕಿತ್ತು ಹೊಳೆಗೆ ಎಸೆಯುವುದಿಲ್ಲ. ಅಂಥದ್ದು ಓದಬೇಕು ಅಂತ ಬಂದವರು ಸುಮ್ಮನೆ ಕಾದು ಬೇಜಾರು ಮಾಡಿಕೊಳ್ಳಬೇಡಿ.

ಕಪಿಲೆ ಹೊಳೆಯ ದಂಡೆಯಲ್ಲಿ ಒಂದು ಚಿಕ್ಕ ಮಠ. ಅಲ್ಲೊಬ್ಬರು ವಯಸ್ಸಾದ ಸ್ವಾಮಿಗಳು. ಆ ಸೀಮೆಯಲ್ಲಿ ಸ್ವಾಮಿಗಳನ್ನು 'ಬುದ್ಧಿ' ಅಂತಲೇ ಕರೆಯುವುದು. ಅವರ ಶಿಷ್ಯ ಪಾಲಾಕ್ಷ.

ಪಾಲಾಕ್ಷನಿಗೆ ಒಂದು ಕಲೆ ಒಲಿದಿತ್ತು. ಫೋನಿನಲ್ಲಿ ಕೋಟಿಗಟ್ಟಲೆ ವಿಡಿಯೊ ಇರುತ್ತವಲ್ಲ, ಅದರಲ್ಲಿ ಕಸವನ್ನೆಲ್ಲ ಬಿಟ್ಟು ನೋಡುವಂಥದ್ದನ್ನು ಮಾತ್ರ ಹೆಕ್ಕಿ ತೆಗೆಯುತ್ತಿದ್ದ. ಸೀಸೆಯೊಳಗೆ ಕೂತ ಆಕ್ಟೋಪಸ್ಸು ತಾನೇ ಮುಚ್ಚಳ ತಿರುಗಿಸಿ ಹೊರಗೆ ಬರುವುದು. ಹೆಪ್ಪುಗಟ್ಟಿದ ಕೆರೆಯ ಮೇಲೆ ಕಲ್ಲೆಸೆದರೆ ಕೆರೆ ಹಕ್ಕಿಯ ಹಾಗೆ ಕೂಗುವುದು. ಮುದುಕನೊಬ್ಬ ಕಾದ ಗಾಜನ್ನು ಇಕ್ಕಳದಲ್ಲಿ ಎಳೆದೆಳೆದು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕುದುರೆ ಮಾಡಿ ನಿಲ್ಲಿಸುವುದು.

ಬುದ್ಧಿಯವರೂ ನೋಡುತ್ತಿದ್ದರು. ಯಾಕೆ ನೋಡಬಾರದು? ಆಕ್ಟೋಪಸ್ಸು ಹೊರಗೆ ಬಂದಾಗ "ಅಬ್ಬಾ, ಕಳ್ಳ!" ಅಂತ ತೊಡೆ ತಟ್ಟಿಕೊಂಡು ನಕ್ಕಿದ್ದರು.

ಮಠದ ಅಡುಗೆಮನೆ ಚಿಕ್ಕತಾಯಮ್ಮನದು. ಹೆತ್ತವರಿಲ್ಲದ ಪಾಲಾಕ್ಷ ಅವಳ ಒಲೆಯ ಮುಂದೆಯೇ ಬೆಳೆದವನು. ಅವ್ವ ಅಂತಲೇ ಕರೆಯುತ್ತಿದ್ದ.

ಆ ವರ್ಷ ಚಿಕ್ಕತಾಯಮ್ಮ ಹೊಳೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಡಾಕ್ಟರು ಆಪರೇಷನ್ ಮಾಡಿ ಕಳಿಸಿದರು. ಮೂಳೆ ಕೂಡಿತು. ಆದರೆ ಅವಳು ಊಟ ಬಿಟ್ಟಳು. ಒಂದೆರಡು ಗುಟುಕು ರಾಗಿ ಗಂಜಿ, ಆಮೇಲೆ ಕಣ್ಣು ಮುಚ್ಚಿ ಮಲಗಿಬಿಡುವಳು.

"ಸಾಕು ಮಗ. ಇನ್ನೇನಿದೆ ನೋಡೋಕೆ?" ಅನ್ನುವಳು.

ಡಾಕ್ಟರು ಇನ್ನೊಂದು ಸಲ ಬಂದು ನೋಡಿ, "ಹೀಗೇ ಉಪವಾಸ ಬಿದ್ದುಕೊಂಡರೆ ಉಳಿಯೋದು ಕಷ್ಟ" ಅಂದು ಹೋದರು.

ಪಾಲಾಕ್ಷ ಹಿತ್ತಲಿಗೆ ಹೋಗಿ ಅತ್ತ. ಅತ್ತು ಮುಗಿದ ಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು. ನೋಡೋಕೆ ಏನಿದೆ ಅಂತ ತಾನೇ ಅವ್ವನ ಕೊರಗು? ಅವನ ಹತ್ತಿರ ನೋಡೋಕೆ ಬೇಕಾದಷ್ಟಿತ್ತು.

ಅವತ್ತಿನಿಂದ ಸಂಜೆಯಾಯಿತು ಅಂದರೆ ಅವಳ ದಿಂಬಿನ ಪಕ್ಕ ಕೂತು ತೋರಿಸಿದ್ದೇ ತೋರಿಸಿದ್ದು. ಇಬ್ಬರಿಗೂ ಕಾಣುವ ಹಾಗೆ ಮುಂದೆ ಫೋನು. ಆಕ್ಟೋಪಸ್ಸು, ಕೆರೆ, ಕುದುರೆ. ಒಂದು ಮುಗಿಯುವ ಮೊದಲೇ ಇನ್ನೊಂದು.

"ಹೆಂಗಿದೆ ಅವ್ವ?"

"ಚೆನ್ನಾಗದೆ ಕಣಪ್ಪ."

"ಇದು ನೋಡು, ಇನ್ನೂ ಮಜ ಅದೆ."

"ಹ್ಞೂಂ. ಚೆನ್ನಾಗದೆ."

ಗಂಜಿ ಮಾತ್ರ ಬಟ್ಟಲಲ್ಲಿ ಹಾಗೇ ಆರಿ ಕೆನೆ ಕಟ್ಟುತ್ತಿತ್ತು.

ಪಾಲಾಕ್ಷ ಗುರುಗಳ ಹತ್ತಿರ ಹೋದ.

"ಬುದ್ಧಿ, ಮನುಷ್ಯ ಸಾಯೋದರೊಳಗೆ ನೋಡಲೇಬೇಕು ಅನ್ನೋ ಹಂಗಿರೋ ವಿಡಿಯೊ ಯಾವುದು?"

"ಯಾರು ಸಾಯ್ತಾ ಇರೋದು?"

"ಅವ್ವ. ಏನು ತೋರಿಸಿದರೂ ಚೆನ್ನಾಗದೆ ಅಂತಾಳೆ ಬುದ್ಧಿ. ಊಟ ಮಾಡಲ್ಲ. ನಾನು ಸರಿಯಾದ್ದು ಹುಡುಕ್ತಾ ಇಲ್ಲವೇನೋ."

ಬುದ್ಧಿಯವರು ಎದ್ದು ಶಲ್ಯ ಕೊಡವಿಕೊಂಡರು.

"ಪಂಕ್ತಿ ಹೊತ್ತಾಯ್ತು. ಇವತ್ತು ನನಗೆ ನೀನೇ ಬಡಿಸು."

ಆ ಮಠದ ಪಂಕ್ತಿಗೆ ಒಂದು ಪದ್ಧತಿ ಇದೆ. ಉಣ್ಣಲು ಕೂತವರು ಬೇಕು ಅನ್ನುವ ಹಾಗಿಲ್ಲ, ಸಾಕು ಅನ್ನುವ ಹಾಗಿಲ್ಲ, ಎಲೆಗೆ ಕೈ ಅಡ್ಡ ಹಿಡಿಯುವ ಹಾಗೂ ಇಲ್ಲ. ಎಲೆಯಲ್ಲಿ ಒಂದಗುಳು ಬಿಡುವ ಮಾತಂತೂ ಇಲ್ಲವೇ ಇಲ್ಲ. ಬಡಿಸುವವನೇ ಕೂತವರ ಮುಖ ನೋಡಿ ಎಲ್ಲ ತಿಳಿದುಕೊಳ್ಳಬೇಕು. ಹೊಸಬರಿಗೆ ಇದು ಹುಚ್ಚು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆಮೇಲೆ ಅಷ್ಟು ಹದವಾಗಿ ಬೇರೆಲ್ಲೂ ಉಂಡಿಲ್ಲ.

ಪಾಲಾಕ್ಷ ಅದರಲ್ಲಿ ಪಳಗಿದವನೇ. ಆದರೆ ಅವತ್ತು ಅವನ ಮನಸ್ಸೆಲ್ಲ ಸಂಜೆಗೆ ಯಾವ ವಿಡಿಯೊ ಅನ್ನುವುದರಲ್ಲಿತ್ತು. ಕಣ್ಣು ಅನ್ನದ ಬುಟ್ಟಿಯಲ್ಲಿತ್ತು. ಗುರುಗಳ ಮುಂದೆ ಬಂದ, ಅನ್ನ ಹಾಕಿದ. ಆ ಕಡೆ ಹೋಗಿ ಈ ಕಡೆ ಬಂದ, ಮತ್ತೆ ಹಾಕಿದ. ಪ್ರೀತಿ ಉಕ್ಕಿ ಬಂದು ಒಂದು ಹಿಡಿ ಜಾಸ್ತಿಯೇ ಹಾಕಿದ. ಸಾರು ಹುಯ್ದ. ಪಾಯಸ ಹುಯ್ದ. ಮೇಲೆ ಇನ್ನೊಂದು ಸೌಟು ಹುಯ್ದ.

ಬುದ್ಧಿಯವರು ಹಾಕಿದ್ದನ್ನೆಲ್ಲ ಉಂಡರು.

ಪಂಕ್ತಿ ಎದ್ದ ಮೇಲೆ ನೋಡಿದರೆ, ಅವರು ಕಂಬಕ್ಕೆ ಒರಗಿ ಕೂತಿದ್ದಾರೆ. ಏಳಲಾಗುತ್ತಿಲ್ಲ. ಹಣೆಯಲ್ಲಿ ಬೆವರು.

ಪಾಲಾಕ್ಷ ಗಾಬರಿಯಿಂದ ಓಡಿ ಬಂದ. "ಅಯ್ಯೋ, ಏನಾಯ್ತು ಬುದ್ಧಿ?"

"ಜೀರಿಗೆ ಕಷಾಯ ಇದ್ದರೆ ಒಂಚೂರು ತಗೊಂಬಾ. ಹೊಟ್ಟೆ ಬಿರೀತಾ ಅದೆ."

ಕಷಾಯ ಬಂತು. ಕುಡಿದರು.

"ಸಾಕು ಅನ್ನಬಾರದಿತ್ತಾ ಬುದ್ಧಿ?"

"ಅನ್ನೋ ಹಂಗಿಲ್ಲವಲ್ಲ."

"ಒಂದು ಸನ್ನೆ ಮಾಡಬಾರದಿತ್ತಾ?"

"ನೀನು ನನ್ನ ಕಡೆ ಯಾವಾಗ ನೋಡಿದೆ, ಸನ್ನೆ ಮಾಡೋಕೆ?"

ಪಾಲಾಕ್ಷ ತಲೆ ತಗ್ಗಿಸಿದ.

"ನಿನ್ನ ಅವ್ವನದೂ ಇದೇ ಕಥೆ," ಅಂದರು ಬುದ್ಧಿಯವರು. "ನೀನು ಅಷ್ಟು ಆಸೆಯಿಂದ ತೋರಿಸ್ತಾ ಇದ್ದೀಯ. ಬೇಡ ಕಣಪ್ಪ ಅನ್ನೋಕೆ ಅವಳಿಗೆ ಬಾಯಿ ಬರುತ್ತಾ?"

"ಹಂಗಾದರೆ ತೋರಿಸೋದು ಬಿಟ್ಟುಬಿಡ್ತೀನಿ."

"ಬಡಿಸೋದು ಬಿಡು ಅಂತ ನಾನೆಲ್ಲಿ ಅಂದೆ? ಫೋನು ಅವಳ ಕಡೆ ತಿರುಗಿಸಿ ಹಿಡಿ. ನೀನು ಅದರ ಹಿಂದೆ ಕೂತ್ಕೊ."

"ನನಗೆ ಏನೂ ಕಾಣಲ್ಲವಲ್ಲ ಬುದ್ಧಿ."

"ಕೂತು ನೋಡು ಹೋಗು."

ಅವತ್ತು ಸಂಜೆ ಪಾಲಾಕ್ಷ ಹಾಗೇ ಕೂತ. ಫೋನಿನ ಹಿಂಭಾಗ ತನ್ನ ಕಡೆಗೆ, ಬೆಳಕು ಅವ್ವನ ಕಡೆಗೆ. ವಿಡಿಯೊ ಒಂದು ಮುಗಿದರೆ ಇನ್ನೊಂದು ತಾನಾಗಿಯೇ ಶುರುವಾಗುತ್ತಿತ್ತು. ಯಾವ್ಯಾವುದೋ ಭಾಷೆ, ಯಾವ್ಯಾವುದೋ ಸಂಗೀತ ಕೇಳುತ್ತಿತ್ತು. ಅವನಿಗೆ ಕಾಣುತ್ತಿದ್ದದ್ದು ಚಿಕ್ಕತಾಯಮ್ಮನ ಮುಖ ಒಂದೇ.

ಅವಳ ಕಣ್ಣು ಮುಚ್ಚಿತ್ತು.

ಅವನು ಸ್ವಲ್ಪ ಅಲುಗಾಡಿದ. ಅವಳು ತಟ್ಟನೆ ಕಣ್ಣು ಬಿಟ್ಟು, "ಚೆನ್ನಾಗದೆ ಕಣಪ್ಪ" ಅಂದಳು.

ಅಯ್ಯೋ ಅವ್ವಾ, ಇಷ್ಟು ದಿನವೂ ಹೀಗೇನಾ? ಅವಳಿಗಾಗಿ ತೋರಿಸುತ್ತಿದ್ದೇನೆ ಅಂತ ಅವನು ಅಂದುಕೊಂಡಿದ್ದ. ಅವನಿಗಾಗಿ ಅವಳು ನೋಡಿದ ಹಾಗೆ ಮಾಡುತ್ತಿದ್ದಳು.

ಮಾರನೆಯ ಸಂಜೆ ಸದ್ದು ಕಡಿಮೆ ಮಾಡಿದ. ಬೆಳಕು ಅವಳ ಕಣ್ಣು ಕುಕ್ಕುತ್ತಿದೆ ಅಂತ ಕಂಡಿತು, ಅದನ್ನೂ ಇಳಿಸಿದ. ಅವಳ ಹುಬ್ಬು ಗಂಟಿಕ್ಕಿದರೆ ಬೆರಳಾಡಿಸಿ ಮುಂದಕ್ಕೆ ದಾಟಿಸಿದ. ರೆಪ್ಪೆ ಭಾರವಾದರೆ ಫೋನು ಮಡಿಲಿಗಿಟ್ಟು ಸುಮ್ಮನೆ ಕೂತ. ಸುಮ್ಮನೆ ಕೂತಾಗ ಅವಳು ಅವನನ್ನೇ ನೋಡುತ್ತಿದ್ದಳು.

"ಸೊರಗಿದ್ದೀಯ ಮಗ. ಹೊತ್ತಿಗೆ ಸರಿಯಾಗಿ ಉಣ್ತೀಯೋ ಇಲ್ವೋ?"

"ಉಣ್ತೀನಿ ಅವ್ವ. ನೀನೇ ಉಣ್ತಿಲ್ಲ."

ಅವಳು ಗಂಜಿಯನ್ನು ಮುಟ್ಟಲಿಲ್ಲ.

ಹೀಗೇ ಕೆಲವು ಸಂಜೆಗಳು ಹೋದವು. ಪಾಲಾಕ್ಷನಿಗೆ ಭಯ ಹೆಚ್ಚುತ್ತಲೇ ಇತ್ತು. ಅವಳ ಮಣಿಕಟ್ಟಿನ ಬಳೆ ಮೊಣಕೈವರೆಗೂ ಜಾರತೊಡಗಿತ್ತು.

ಒಂದು ಸಂಜೆ ಫೋನಿನಿಂದ ನೀರಿನ ಸದ್ದು ಬಂತು. ಆಮೇಲೆ ಯಾರೋ ಗೊಣಗಿದ ಸದ್ದು. ಆಮೇಲೆ ದಪ್ ಅಂತ ಏನೋ ಬಿತ್ತು.

ಚಿಕ್ಕತಾಯಮ್ಮನ ಹುಬ್ಬು ಮೇಲೆ ಹೋಯಿತು.

ಪಾಲಾಕ್ಷ ಫೋನು ಹಿಡಿದ ಕೈ ಅಲುಗಿಸಲಿಲ್ಲ.

ಅವಳು ದಿಂಬಿನಿಂದ ತಲೆ ಎತ್ತಿದಳು. ಬಾಯಿ ಅರ್ಧ ತೆರೆಯಿತು. ಒಣಗಿದ ಕೆನ್ನೆಯಲ್ಲಿ ಒಂದು ಕಡೆ ಗುಳಿ ಬಿತ್ತು. ಅವ್ವನ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು.

"ಬೇಡ ಕಣೋ, ಬೇಡ ಕಣೋ... ಅಯ್, ಮುಂಡೇದೆ! ನಾನ್ ಹೇಳ್ಲಿಲ್ವಾ!"

ಅಂದವಳೇ ನಕ್ಕಳು. ಸೊಂಟ ಹಿಡಿದುಕೊಂಡು, "ಅಯ್ಯಪ್ಪಾ, ನೋಯ್ತದೆ" ಅನ್ನುತ್ತ ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪಾಲಾಕ್ಷನಿಗೂ ನಗು ಬಂತು, ಯಾಕೆ ಅಂತ ಗೊತ್ತಿಲ್ಲದೆಯೇ.

ನಗು ನಿಂತ ಮೇಲೆ ಅವಳು ಬಟ್ಟಲಿಗೆ ಕೈ ಚಾಚಿದಳು. ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಥೂ, ಯಾರೋ ಇದನ್ನ ಕಾಯಿಸಿದ್ದು? ಒಂದು ಕಲ್ಲು ಉಪ್ಪು ಹಾಕೋಕೆ ಏನು ದಾಡಿ ಬಂದಿತ್ತು?"

ಬೈದುಕೊಂಡೇ ಬಟ್ಟಲು ಖಾಲಿ ಮಾಡಿದಳು.

ಪಾಲಾಕ್ಷ ಖಾಲಿ ಬಟ್ಟಲನ್ನು ಎತ್ತಿಕೊಂಡು ಹೊಳೆ ದಂಡೆಗೆ ಓಡಿದ. ಬುದ್ಧಿಯವರು ಸಂಜೆಯ ಕೊನೆಯ ಬೆಳಕಲ್ಲಿ ಕೈಕಾಲು ತೊಳೆಯುತ್ತಿದ್ದರು.

"ಬುದ್ಧಿ! ಅವ್ವ ಉಂಡಳು! ನಕ್ಕಳು! ಬೈದಳು!"

"ಬೈದಳಾ? ಏನಂತ?"

"ಉಪ್ಪಿಲ್ಲ ಅಂತ!"

ಗುರುಗಳ ಮುಖ ಅರಳಿತು. "ಹಂಗಾದರೆ ಬದುಕ್ತಾಳೆ."

"ಆ ವಿಡಿಯೊ ಸಿಕ್ಕಿಬಿಡ್ತು ಬುದ್ಧಿ. ಎಲ್ಲಾರಿಗೂ ಕಳಿಸ್ತೀನಿ. ಕಾಯಿಲೆ ಬಿದ್ದಿರೋರಿಗೆಲ್ಲ ತೋರಿಸ್ತೀನಿ."

"ಒಳ್ಳೇದು. ಏನಿತ್ತು ಅದರಲ್ಲಿ?"

ಪಾಲಾಕ್ಷ ಕೈಯಲ್ಲಿದ್ದ ಖಾಲಿ ಬಟ್ಟಲನ್ನು ನೋಡಿದ.

"ಗೊತ್ತಿಲ್ಲ ಬುದ್ಧಿ. ನಾನು ಅವ್ವನ್ನ ನೋಡ್ತಾ ಇದ್ದೆ."

ಬುದ್ಧಿಯವರು ಪಾದ ಒರೆಸಿಕೊಂಡರು.

"ಹುಡುಕಿದರೆ ಈಗಲೇ ಸಿಗುತ್ತೆ ಬುದ್ಧಿ," ಅನ್ನುತ್ತ ಪಾಲಾಕ್ಷ ಜೇಬಿಗೆ ಕೈ ಹಾಕಿದ.

ಗುರುಗಳು ಅವನ ಮಣಿಕಟ್ಟು ಹಿಡಿದರು. "ನೀನು ನೋಡಬೇಡ."

"ಮತ್ತೆ ಏನಿತ್ತು ಅಂತ ಗೊತ್ತಾಗೋದು ಹೆಂಗೆ?"

"ಅವಳಿಗೆ ಗೊತ್ತಲ್ಲ."

"ಹಂಗಾದರೆ ಈಗಲೇ ಹೋಗಿ ಕೇಳ್ತೀನಿ."

"ಈಗ ಕೇಳಬೇಡ. 'ಬೆಳಗ್ಗೆ ಬಂದು ಕೇಳ್ತೀನಿ, ಮರೀಬೇಡ ಅವ್ವ' ಅಂತ ಹೇಳಿ ಬಾ. ಬೆಳಗಾಗೋದನ್ನ ಕಾಯೋಕೆ ಅವಳಿಗೂ ಒಂದು ನೆಪ ಬೇಕಲ್ಲ."