ಒಂದು ಸಾಲು ಹಿಂದೆ

ಮಲಪ್ರಭೆಯ ದಂಡೆಯಲ್ಲಿ ಜಯವಂತ ಗುರುಗಳ ಪ್ರಾರ್ಥನಾ ಆಶ್ರಮವಿತ್ತು. ಆಶ್ರಮವೆಂದರೆ ಹೇಳಿಕೊಳ್ಳುವಂಥದ್ದೇನಲ್ಲ. ಒಂದು ಕೋಣೆ, ಒಂದು ಬೇವಿನ ಮರ, ಹೆಂಚಿನ ಮೇಲೊಂದು ಕಟ್ಟಿಗೆಯ ಶಿಲುಬೆ.

ಗಿದ್ಯೋನ ಅಲ್ಲಿಗೆ ಹದಿನೈದು ವರ್ಷದಿಂದ ಬರುತ್ತಿದ್ದ. ದೇವರ ವಾಕ್ಯ ಕಲಿತದ್ದೂ ಅಲ್ಲೇ, ಹಾರ್ಮೋನಿಯಂ ಪೇಟಿ ಬಾರಿಸಿ ಹಾಡಲು ಕಲಿತದ್ದೂ ಅಲ್ಲೇ. ಈಗ ಊರ ಚರ್ಚಿನಲ್ಲಿ ಹಾಡುವವರ ಗುಂಪಿಗೆ ಅವನೇ ಮುಂದಾಳು.

ಆ ದಿನ ಅವನ ಕೈಯಲ್ಲೊಂದು ಹಾಳೆಯಿತ್ತು. ಅಪ್ಪ ಯಾಕೋಬಪ್ಪ ತೀರಿಕೊಂಡು ತಿಂಗಳಾಗಿತ್ತು. ಬರುವ ರವಿವಾರ ಚರ್ಚಿನಲ್ಲಿ ಅಪ್ಪನ ನೆನಪಿಗೆ ಪ್ರಾರ್ಥನೆ, ಮಗ ಎದ್ದು ನಿಂತು ನಾಲ್ಕು ಮಾತಾಡಬೇಕು.

“ಏನ್ ಬರದಿ? ಓದು,” ಎಂದರು ಗುರುಗಳು.

ಗಿದ್ಯೋನ ಗಂಟಲು ಸರಿಮಾಡಿಕೊಂಡು ಓದಿದ. ಅಪ್ಪ ದೈವಭಕ್ತ. ನಡೆನುಡಿಯಲ್ಲಿ ಶುದ್ಧ. ಹೆಂಡತಿ ಮಕ್ಕಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವನು. ಜ್ವರವಿರಲಿ, ಮಳೆಯಿರಲಿ, ಒಂದು ರವಿವಾರವೂ ಆರಾಧನೆ ತಪ್ಪಿಸಿದವನಲ್ಲ.

ಗುರುಗಳು ಹಾಳೆ ಇಸಿದುಕೊಂಡರು. ಅಪ್ಪ ಎಂದಿದ್ದಲ್ಲೆಲ್ಲ ಜಯವಂತ ಎಂದು ತಮ್ಮ ಹೆಸರು ಹೇಳುತ್ತ ಮತ್ತೊಮ್ಮೆ ಗಟ್ಟಿಯಾಗಿ ಓದಿದರು.

“ಛಲೋ ಆತು. ನಾ ಸತ್ತಾಗೂ ಇದನ್ನ ಓದು. ಮತ್ತ ಬರಿಯೂ ತ್ರಾಸ ಇಲ್ಲ.”

ಗಿದ್ಯೋನನ ಮುಖ ಸಪ್ಪಗಾಯಿತು.

“ಕಡೀ ಸಾಲು ಒಂದ ನನಗ ಹೊಂದೂದಿಲ್ಲ ನೋಡು,” ಎಂದು ಗುರುಗಳು ಅದರ ಮೇಲೆ ಬೆರಳಿಟ್ಟರು. “‘ಚರ್ಚಿನಲ್ಲಿ ಅವನು ತುಟಿ ಬಿಚ್ಚದೆ, ಮೌನದಲ್ಲೇ ದೇವರನ್ನು ಆರಾಧಿಸುತ್ತಿದ್ದ.’ ನನ್ನ ಬಾಯಿ ಎಲ್ಲಿ ಸುಮ್ಮನ ಇರತೈತಿ? ಈ ಸಾಲು ಯಾಕೋಬಪ್ಪಂದ.”

ಬರೆಯುವಾಗ ಗಿದ್ಯೋನನಿಗೆ ಬಹಳ ಹಿಡಿಸಿದ ಸಾಲು ಅದೇ. ಅವನು ತುಸು ಚೇತರಿಸಿಕೊಂಡ.

“ಅದ ಸಾಕೇನ್ರಿ ಹಂಗಾರ?”

“ನಾ ನಿಮ್ಮ ಚರ್ಚಿಗೆ ಬಂದು ಹೋಗಿ ಮಾಡೂ ಕಾಲಕ್ಕ ಯಾಕೋಬಪ್ಪ ಹಾಡಿದ್ರ ಹೊರಗ ಕಟ್ಟಿದ ಎತ್ತು ತಿರುಗಿ ನೋಡ್ತಿದ್ವು. ಅಂವ ಯಾವಾಗಿಂದ ಸುಮ್ಮನಾದ?”

ಗಿದ್ಯೋನ ಕಾಲ ಬೆರಳಿನಿಂದ ಉಸುಕು ಕೆದರುತ್ತ ನಿಂತ.

“ಒಂಬತ್ತು ವರ್ಷ ಆತ್ರಿ.”

“ಏನಾತು?”

ಹೇಳಲೇಬೇಕಾಯಿತು. ಆ ವರ್ಷ ಗುಂಪಿನ ಮುಂದಾಳತ್ವ ಹೊಸದಾಗಿ ಸಿಕ್ಕಿತ್ತು, ಗಿದ್ಯೋನನಿಗೆ ಎರಡು ಕೊಂಬು ಮೂಡಿದ್ದವು. ಕ್ರಿಸ್‌ಮಸ್ ಆರಾಧನೆಗೆ ಪರ ಊರಿನಿಂದ ದೊಡ್ಡವರೆಲ್ಲ ಬಂದಿದ್ದರು. ಪೇಟಿ ಒಂದು ಕಡೆ, ಹಿಂದಿನ ಬೆಂಚಿನಿಂದ ಬರುವ ಅಪ್ಪನ ದನಿ ಇನ್ನೊಂದು ಕಡೆ. ಎಲ್ಲರೂ ಒಂದು ಸಾಲು ಮುಗಿಸಿದ ಮೇಲೆ ಅಪ್ಪ ಆ ಸಾಲು ಎತ್ತುತ್ತಿದ್ದ. ಬಂದವರು ಮುಖ ಮುಖ ನೋಡಿಕೊಂಡು ನಕ್ಕರು.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ, ಹತ್ತು ಜನರ ಎದುರಿಗೇ, ಗಿದ್ಯೋನ ಅಂದುಬಿಟ್ಟಿದ್ದ: “ಅಪ್ಪಾ, ಇನ್ಮ್ಯಾಲ ನೀ ಹಾಡಬ್ಯಾಡ. ಪುಸ್ತಕ ನೋಡ್ಕೋತ ನಿಂದ್ರು, ಸಾಕು.”

ಅಪ್ಪ “ಆತಪಾ” ಎಂದಿದ್ದ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿದ್ದ. ಅಷ್ಟೇ.

“ಅಂವ ಯಾಕ ಹಿಂದ ಬೀಳ್ತಿದ್ದ?” ಎಂದರು ಗುರುಗಳು.

“ತಾಳ ಗೊತ್ತಿದ್ದಿಲ್ರಿ ಅಂವಗ.”

“ಹೊಟ್ಟಿಪಾಡಿಗೆ ಏನ್ ಮಾಡ್ತಿದ್ದ?”

“ಮಗ್ಗರಿ. ಸೀರಿ ನೇಯ್ತಿದ್ದ.”

“ಎಷ್ಟು ವರ್ಷ?”

“ನಲವತ್ತು ವರ್ಷರಿ.”

“ನಲವತ್ತು ವರ್ಷ ಕೈಯಾಗ ಲಾಳಿ, ಕಾಲ ಕೆಳಗ ತುಳಿಯೂ ಹಲಗಿ. ಒಂದು ತಪ್ಪಿದ್ರ ಎಳಿ ಹರೀತೈತಿ. ಅಂಥವಂಗ ತಾಳ ಗೊತ್ತಿದ್ದಿಲ್ಲ ಅಂತೀಯೇನು?”

ಚಿಕ್ಕಂದಿನಲ್ಲಿ ಆ ಮಗ್ಗದ ಸಪ್ಪಳ ಕೇಳುತ್ತಲೇ ಗಿದ್ಯೋನ ನಿದ್ದೆ ಹೋಗುತ್ತಿದ್ದ. ಅದು ಒಮ್ಮೆಯೂ ತಪ್ಪಿದ್ದು ಅವನ ನೆನಪಿನಲ್ಲಿಲ್ಲ.

“ಚರ್ಚಿನ್ಯಾಗ ಅಂವನ ಬಾಜೂಕ ಯಾರು ನಿಂದರ್ತಿದ್ರು?”

“ಅವ್ವರಿ.”

“ಹಂಗಾರ ಆಕೀನ್ನ ಕೇಳು,” ಎಂದು ಗುರುಗಳು ಹಾಳೆ ಮಡಚಿ ಅವನ ಕಿಸೆಗೆ ತುರುಕಿದರು.

ಮನೆಯಲ್ಲಿ ಅವ್ವ ಸುಗಂಧವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಗಿದ್ಯೋನ ಹೋದವನೇ ಎದುರಿಗೆ ಕೂತ.

“ಅವ್ವಾ, ಅಪ್ಪ ಚರ್ಚಿನ್ಯಾಗ ಹಾಡೂಮುಂದ ಯಾಕ ಹಿಂದ ಬೀಳ್ತಿದ್ದ?”

ಅವ್ವನ ಕೈ ನಿಂತಿತು.

“ನನಗ ಓದಾಕ ಬರೂದಿಲ್ಲೋ, ಗಿದ್ಯಾ.”

ಗಿದ್ಯೋನನಿಗೆ ನಂಬಲಾಗಲಿಲ್ಲ. ಬಿಳಿ ಅರಿವೆಯಲ್ಲಿ ಸುತ್ತಿದ ಹಾಡಿನ ಪುಸ್ತಕವನ್ನು ಅವ್ವ ಎದೆಗವಚಿಕೊಂಡು ಚರ್ಚಿಗೆ ಹೋಗುವುದನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ.

“ಹಾಳಿ ನಿಮ್ಮಪ್ಪ ತಗದು ಕೊಡ್ತಿದ್ರು. ಒಂದೊಂದ ಸಾಲು ಮೊದಲ ನನ್ನ ಕಿವ್ಯಾಗ ಹೇಳೂದು, ಆಮ್ಯಾಲ ಇಬ್ಬರೂ ಕೂಡಿ ಹಾಡೂದು. ನನ್ನ ದನಿ ಸಣ್ಣದು, ಅವರ ದನ್ಯಾಗ ಮುಚ್ಚಿ ಹೋಗ್ತಿತ್ತು. ನಾ ಹಿಂದ ಬೀಳೂದು ಯಾರಿಗೂ ಕೇಳಬಾರದು ಅಂತ ಅಷ್ಟು ಗಟ್ಟಿ ಹಾಡ್ತಿದ್ರು.”

“ನನಗ ಯಾಕ ಹೇಳಲಿಲ್ಲ ಅಂವ?”

“ನಾನ ಆಣಿ ಹಾಕಿದ್ದೆ. ಮಗ ಇಷ್ಟು ಓದ್ಯಾನ, ಅವ್ವಗ ಅಕ್ಷರ ಇಲ್ಲ ಅಂತ ಅಂವಗ ನಾಚಿಕಿ ಆಗಬಾರದು ಅಂದಿದ್ದೆ.”

“ನಾ ಹಂಗಂದ ದಿನ ಮನಿಗೆ ಬಂದು ಏನಂದ?”

“‘ಹುಡುಗಗ ಪೇಟಿ ಬಾರಿಸಾಕ ತ್ರಾಸ ಆಗತೈತಿ, ಸುಗಂಧಿ’ ಅಂದ್ರು. ಮುಂದಿನ ವಾರ ಬರೇ ಕಿವ್ಯಾಗ ಹೇಳಾಕ ನೋಡಿದ್ರು. ನೀ ಪೇಟಿ ಮುಂದಿಂದ ತಿರುಗಿ ನೋಡಿದಿ. ಅದನ್ನೂ ಬಿಟ್ರು.”

“ಮತ್ತ ನೀ?”

“ಬಾಯಿಪಾಠ ನಾಕ ಹಾಡು ಬರ್ತಿದ್ವು. ಅವರು ಸುಮ್ಮನ ನಿಂತಾಗ ನಾ ಒಬ್ಬಾಕಿ ಹೆಂಗ ಹಾಡ್ಲಿ?”

ಒಂಬತ್ತು ವರ್ಷ. ಹಿಂದಿನ ಬೆಂಚಿನಲ್ಲಿ ಗಂಡ ಹೆಂಡತಿ ಇಬ್ಬರೂ ಪುಸ್ತಕ ಬಿಚ್ಚಿಕೊಂಡು ಬಾಯಿ ಮುಚ್ಚಿಕೊಂಡು ನಿಂತಿದ್ದರು. ಮುಂದೆ ಪೇಟಿಯ ಮೇಲೆ ಬೆರಳಾಡಿಸುತ್ತ ಮಗ, ಈಗ ತಾಳ ಸರಿಯಾಯಿತು ಎಂದು ಹಿಗ್ಗಿದ್ದ. ನೆನೆದರೆ ಗಿದ್ಯೋನನಿಗೆ ತನ್ನ ಬೆರಳುಗಳ ಮೇಲೇ ಹೇಸಿಕೆ ಬಂತು.

ಅವ್ವ ಮತ್ತೆ ಜೋಳಕ್ಕೆ ಕೈ ಹಚ್ಚಿದಳು. “ಚರ್ಚಿನ್ಯಾಗ ಯಾರ ಮುಂದೂ ಹೇಳಬ್ಯಾಡಪಾ,” ಎಂದಳು.

ಮರುದಿನ ಬೆಳಿಗ್ಗೆ ಗಿದ್ಯೋನ ಹೊಳೆಯ ದಂಡೆಗೆ ಬಂದಾಗ ಗುರುಗಳು ಬೇವಿನ ಕೆಳಗೆ ಕಸ ಹೊಡೆಯುತ್ತಿದ್ದರು. ಅವನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

“ಗುರುಗಳ, ಖರೇ ಹೇಳಿದ್ರ ಅವ್ವನ ಮಾನ ಹೋಗತೈತಿ. ಈ ಹಾಳಿ ಓದಿದ್ರ ಅಪ್ಪನ ಮ್ಯಾಲ ಸುಳ್ಳು ಹೇಳಿದಂಗ. ರವಿವಾರ ಏನ್ ಮಾತಾಡ್ಲಿ?”

“ಮಾತಾಡಬ್ಯಾಡ. ಹಾಡು.”

“ಹಾಡೂದು ಇದ್ದದ್ದರಿ. ಪೇಟಿ ನಾನ ಬಾರಿಸ್ತೀನಲ್ಲ.”

“ಪೇಟಿ ಬ್ಯಾರೆ ಯಾರರೆ ಬಾರಿಸ್ಲಿ. ನೀ ಹಿಂದಿನ ಬೆಂಚಿಗೆ ಹೋಗಿ ಅವ್ವನ ಬಾಜೂಕ ನಿಂದ್ರು.”

ಗಿದ್ಯೋನನಿಗೆ ತಿಳಿಯಿತು. ತಿಳಿದೂ ಅಳುಕಿದ.

“ಒಂದು ಸಾಲು ಹಿಂದ ಬಿದ್ರ ಜನ ನಗ್ತಾರ್ರಿ.”

“ನಗ್ತಾರ. ಅವಾಗೂ ನಕ್ಕಿದ್ರು.”

ಗಿದ್ಯೋನ ಕಿಸೆಯಿಂದ ಹಾಳೆ ತೆಗೆದ. ಕಡೆಯ ಸಾಲು ನೋಡಿದ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಒಮ್ಮೆಲೇ ಬಂತು.

“ಅಪ್ಪ ಕೇಳಾಕ ಇಲ್ಲಲ್ರಿ, ಗುರುಗಳ.”

“ಇಲ್ಲ,” ಎಂದರು ಗುರುಗಳು. “ಆ ಹೊತ್ತು ಹೋತು.”

ಅವನು ಬೇವಿನ ಬುಡದಲ್ಲಿ ಕೂತು ಅಳುವಷ್ಟು ಅತ್ತ. ಗುರುಗಳು ಸಮಾಧಾನ ಹೇಳಲಿಲ್ಲ, ಬೆನ್ನ ಮೇಲೆ ಕೈಯನ್ನೂ ಇಡಲಿಲ್ಲ. ಉಳಿದ ಕಸ ಹೊಡೆದು ಮುಗಿಸಿ, ಒಳಗೆ ಹೋಗಿ ತಮ್ಮ ಹಳೆಯ ಹಾಡಿನ ಪುಸ್ತಕ ತಂದು ಅವನ ತೊಡೆಯ ಮೇಲಿಟ್ಟರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಅವನ ಬಾಜೂಕ್ಕೆ ಕೂತರು.

“ನನಗ ಓದಾಕ ಬರೂದಿಲ್ಲ ಅಂತ ತಿಳ್ಕೋ. ಈಗ ಹಾಡು.”

ಗಿದ್ಯೋನ ಕಣ್ಣೊರೆಸಿಕೊಂಡು ಪುಸ್ತಕ ತೆರೆದ. ರೂಢಿಯಂತೆ ಶ್ರುತಿ ಹಿಡಿದು ಮೊದಲ ಸಾಲು ಎತ್ತಿದ.

ಗುರುಗಳು ಅವನ ಬಾಯಿಗೆ ಅಡ್ಡ ಕೈ ಹಿಡಿದರು.

“ಅವಸರ ಮಾಡಬ್ಯಾಡ. ಮೊದಲ ನನ್ನ ಕಿವ್ಯಾಗ ಹೇಳು.”