ಖಾಲಿ ಕಾರ್ಡುಗಳು

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಕಾವಿ ಉಡುವ ಮೊದಲು ಅವರು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸಿದವರು.

ಅವರ ಗುರು ದೊಡ್ಡಜ್ಜಾರು ತೀರಿಕೊಂಡು ಹನ್ನೊಂದು ವರ್ಷ. ಅವರ ದನಿ ಮಾತ್ರ ಆಶ್ರಮದ ಹಳೇ ಕಂಪ್ಯೂಟರಿನಲ್ಲಿ ಉಳಿದಿತ್ತು. ಒಂದೊಂದು ಸಂಜೆಗೆ ಒಂದು ರೆಕಾರ್ಡಿಂಗ್, ಜೊತೆಗೆ ಕಂಪ್ಯೂಟರಿನ ಪರದೆಯ ಮೇಲೆ ಬರೆಯುವ ಒಂದು ಕಾರ್ಡು. ಅವರು ಆಡಿದ ಮಾತನ್ನು ಶಿಷ್ಯರು ಪಾಳಿಯಂತೆ ಕೇಳಿ ಆ ಕಾರ್ಡಿನಲ್ಲಿ ಬರೆದಿಡಬೇಕು. ಅದು ಅಲ್ಲಿಯ ಪದ್ಧತಿ.

ಎರಡು ವರ್ಷದ ಹಿಂದೆ ಬಂದ ಶಿಷ್ಯ ಮಲ್ಹಾರಿಗೆ ಕಂಪ್ಯೂಟರಿನ ಭಾಷೆ ಕಲಿಯುವ ಹುಚ್ಚು ಹಿಡಿಯಿತು. ಅಜ್ಜಾರು ಸುಲಭದ್ದೊಂದನ್ನು ಆರಿಸಿದರು. ಅದರಲ್ಲಿ ಚಿಹ್ನೆಗಳ ಕಾಟವಿಲ್ಲ. ಸಾದಾ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರೆ ಆಯಿತು.

ಮಲ್ಹಾರಿ ಹೊಸ ಕಾರ್ಡು ತೆರೆ ಎಂದು ಬರೆದ. ತೆರೆಯಿತು. ಅಳಿಸು ಎಂದು ಬರೆದ. ಅಳಿಸಿತು.

“ಅಬಾಬಾ! ಇದು ಮನಿಶ್ಯಾರ ಜೋಡಿ ಮಾತಾಡಿದ್ಹಂಗ ಐತಲ್ರೀ ಅಜ್ಜಾರ!”

“ಹಂಗ ಅನಸ್ತೈತಿ. ಆಸ್ಕ್ ಅಂತ ಇನ್ನೊಂದು ಪದ ಐತಿ. ಅದನ್ನ ಹಾಕಿದ್ರ ಯಂತ್ರ ಕೆಲಸಕ್ಕ ಮೊದಲ ನಿಂತು, ಮಾಡಲ್ಯೋ ಬ್ಯಾಡೋ ಅಂತ ನಮ್ಮನ್ನ ವಿಚಾರಸ್ತೈತಿ. ನಾಳೆ ಹೇಳಿಕೊಡ್ತೀನಿ.”

ನಾಳೆಯವರೆಗೆ ಕಾಯುವ ತಾಳ್ಮೆ ಈ ಮಹಾರಾಯನಿಗೆ ಎಲ್ಲಿಯದು! ಕಂಪ್ಯೂಟರಿನಲ್ಲಿ ಜಾಗ ತುಂಬಿದೆ ಎಂದು ಅಜ್ಜಾರು ವಾರದಿಂದ ಗೊಣಗುತ್ತಿದ್ದರು. ಅವತ್ತೇ ಮಧ್ಯಾಹ್ನ ಮಲ್ಹಾರಿ ಉಂಡವನೇ ಹೋಗಿ ಕೂತ. ಎರಡೇ ಸಾಲು ಬರೆದ.

ಒಂದೊಂದಾಗಿ ಎಲ್ಲ ಕಾರ್ಡು ನೋಡು. ಕಾರ್ಡು ಖಾಲಿ ಇದ್ದರೆ ಅದನ್ನೂ ಅದರ ರೆಕಾರ್ಡಿಂಗನ್ನೂ ಅಳಿಸು.

ಅಜ್ಜಾರು ಹೊಳೆಯಿಂದ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

“ಜಾಗ ಆತ್ರೀ ಅಜ್ಜಾರ! ಖಾಲಿ ಇದ್ವು ಒಂದು ನಲವತ್ತು. ಎಲ್ಲಾ ತಗದೆ.”

ಅಜ್ಜಾರ ಕೈಯಲ್ಲಿದ್ದ ಒದ್ದೆ ಪಂಚೆ ಕೆಳಗೆ ಬಿತ್ತು.

“ಎಲ್ಲಾ?”

“ಅದರಾಗ ಏನೂ ಇರಲಿಲ್ರೀ. ಒಂದು ಅಕ್ಷರ ಇರಲಿಲ್ಲ.”

“ಕಡೀ ನಲವತ್ತು ದಿನ ದೊಡ್ಡಜ್ಜಾರು ಮೌನ ಹಿಡದಿದ್ರು,” ಅಂದರು ಅಜ್ಜಾರು. “ದಿನಾ ಸಂಜೀಕ ಹೊಳೀ ಮುಂದ ಸುಮ್ನ ಕುಂದರತಿದ್ರು. ನಾವು ಆವಾಗೂ ರೆಕಾರ್ಡ್ ಹಚ್ಚತಿದ್ವಿ.”

ಮಲ್ಹಾರಿ ಓಡಿಹೋಗಿ ಯಂತ್ರದ ಮುಂದೆ ಕೂತು ಹುಡುಕಿದ. ತಿರುಗಿ ತಾ ಎಂದು ಬರೆದ. ಗೊತ್ತಿಲ್ಲ ಎಂದಿತು. ಬೇರೆ ಬೇರೆ ಪದ ಹಾಕಿ ಸಂಜೆಯವರೆಗೂ ಬೇಡಿಕೊಂಡ. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಹೊಳೆಯ ಕಲ್ಲಿನ ಮೇಲೆ ಕೂತಿದ್ದ ಅಜ್ಜಾರ ಕಾಲಿಗೆ ಬಿದ್ದು ಗೊಳೋ ಎಂದು ಅತ್ತ.

“ಎಂಥಾ ಘಾತ ಮಾಡಿದೆನ್ರೀ! ಒಂದು ಮಾತು ನಿಮ್ಮನ್ನ ವಿಚಾರಿಸಲಿಲ್ಲ. ಬೈರಿ ನನಗ. ಹೊಡೀರಿ.”

ಅಜ್ಜಾರು ಬೈಯಲಿಲ್ಲ. ಅವನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಕಣ್ಣೂ ಒದ್ದೆಯಾಗಿತ್ತು.

ಮಲ್ಹಾರಿ ಕಣ್ಣೊರೆಸಿಕೊಂಡು ಅಂಜುತ್ತ ಕೇಳಿದ.

“ಅಜ್ಜಾರ, ಆ ರೆಕಾರ್ಡಿಂಗಿನ್ಯಾಗ ಏನ್ ಕೇಳಸ್ತಿತ್ರೀ? ಅವರ ಉಸರು ಕೇಳಸ್ತಿತ್ತೇನು? ಹೊಳೀ ಸಪ್ಪಳ?”

“ಗೊತ್ತಿಲ್ಲಪಾ,” ಅಂದರು ಅಜ್ಜಾರು. “ಆ ನಲವತ್ತು ಕಾರ್ಡು ಬರಿಯೂ ಪಾಳಿ ನಂದಿತ್ತು. ಏನೂ ಇರೂದಿಲ್ಲ ಬಿಡು ಅಂತ, ಹನ್ನೊಂದು ವರ್ಷದಾಗ ನಾನೂ ಒಂದಿನಾ ಕುಂತು ಕೇಳಲಿಲ್ಲ.”